ಒತ್ತಡವೂ ವಿದ್ಯಾರ್ಥಿಯೂ

‘ಚಿಂತೆಯೇ ಮುಪ್ಪು, ಸಂತೋಷವೇ ಯೌವನ’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಚಿಂತೆ ಮನಸ್ಸಿಗೆ ಸೇರಿದ್ದು, ಮುಪ್ಪು ಮೈಗೆ ಸೇರಿದ್ದು. ಒಂದು ಇನ್ನೊಂದನ್ನು ಹೇಗೆ ತಂದೀತು? ಪರೀಕ್ಷೆಯನ್ನು ಎದುರಿಸುವ ವಿದ್ಯಾರ್ಥಿಗಳಾದ ನಾವು ಈ ಪ್ರಶ್ನೆಯನ್ನು ತುಸು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಅಪಾಯ ಎದುರಾದೊಡನೆ ದೇಹವು ತಾನಾಗಿಯೇ ಸಿದ್ಧವಾಗುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಹೆಚ್ಚುತ್ತದೆ, ಉಸಿರು ಬಿರುಸಾಗುತ್ತದೆ, ಜೀರ್ಣಕ್ರಿಯೆ ನಿಧಾನವಾಗಿ ಕೈಕಾಲುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ ಅವರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ಕಾದಾಟಕ್ಕೆ ಅಥವಾ ಓಟಕ್ಕೆ ದೇಹವು ಮಾಡಿಕೊಳ್ಳುವ ಸಿದ್ಧತೆಯೆಂದು ವಿವರಿಸಿದರು. ಹೊಲದಲ್ಲಿ ಹಾವು ಕಂಡವನು ಒಂದೇ ನೆಗೆತಕ್ಕೆ ಬದುವನ್ನು ದಾಟುವುದು ಈ ಬಲದಿಂದಲೇ. ಆದುದರಿಂದ ಒತ್ತಡವು ಮೂಲತಃ ನಮ್ಮ ಶತ್ರುವಲ್ಲ.

ಹಾಗಾದರೆ ಕೇಡು ಬರುವುದೆಲ್ಲಿಂದ? ಹಾವು ಹರಿದುಹೋದ ಮೇಲೆ ಮೈ ಶಾಂತವಾಗುತ್ತದೆ. ಆದರೆ ಪರೀಕ್ಷೆ, ಮನೆಯ ಸಾಲ, ನಾಳೆ ಕೆಲಸ ಸಿಕ್ಕೀತೋ ಇಲ್ಲವೋ ಎಂಬ ಅಂಜಿಕೆ, ಇವು ಹಾಗೆ ಹರಿದುಹೋಗುವಂಥವಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿದ ಹಾನ್ಸ್ ಸೆಲ್ಯೆ ಅವರು, ಚಳಿಯಾಗಲಿ ಗಾಯವಾಗಲಿ ಅತಿ ದುಡಿಮೆಯಾಗಲಿ, ದೇಹದ ಪ್ರತಿಕ್ರಿಯೆ ಬಹುಮಟ್ಟಿಗೆ ಒಂದೇ ಬಗೆಯದೆಂದು 1936ರಲ್ಲಿ ತಿಳಿಸಿದರು. ಅದರಲ್ಲಿ ಮೂರು ಘಟ್ಟಗಳು: ಮೊದಲು ಎಚ್ಚರ, ಅನಂತರ ತಾಳಿಕೆ, ಕೊನೆಗೆ ಬಳಲಿಕೆ. ಎತ್ತು ಸೊರಗುವುದು ನೊಗ ಹೊತ್ತದ್ದರಿಂದಲ್ಲ, ಸಂಜೆಯಾದರೂ ನೊಗ ಇಳಿಸದಿದ್ದುದರಿಂದ. ನಮ್ಮ ಸ್ಥಿತಿಯೂ ಅಷ್ಟೆ.

ನಮ್ಮ ಕಾಲೇಜಿನಲ್ಲಿ ಅನೇಕರು ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು, ನಾನೂ ಅಂಥವರಲ್ಲೊಬ್ಬ. ನಮಗೆ ಪರೀಕ್ಷೆಯೆಂಬುದು ಒಬ್ಬರ ಪರೀಕ್ಷೆಯಲ್ಲ. ತಾಯಿಯ ಕೂಲಿ, ಅಣ್ಣ ಅರ್ಧಕ್ಕೆ ಬಿಟ್ಟ ಶಾಲೆ, ತಂಗಿಯ ಮುಂದಿನ ಓದು ಎಲ್ಲವೂ ಆ ಮೂರು ಗಂಟೆಗಳಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿರುತ್ತವೆ. ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಬರುವ ದುಃಖದ ಸುದ್ದಿಗಳನ್ನು ನಾವೆಲ್ಲರೂ ಓದಿದ್ದೇವೆ. ಆದಕಾರಣ ನೊಗ ಇಳಿಸುವ ಬಗೆಯನ್ನು ಕಲಿಯುವುದು ನಮಗೆ ಪಾಠದಷ್ಟೇ ಅಗತ್ಯ.

ಮೊದಲನೆಯದು ನಿದ್ರೆ. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳಲು ನಿದ್ರೆ ಬೇಕು. ರಾತ್ರಿಯೆಲ್ಲ ಎಚ್ಚರಿದ್ದು ಓದುವವನು ಓದಿದ್ದನ್ನೇ ಕಳೆದುಕೊಳ್ಳುತ್ತಾನೆ. ಎರಡನೆಯದು ನಡಿಗೆ, ಓಟಕ್ಕೆ ಸಿದ್ಧವಾದ ಮೈಗೆ ಓಡಾಟವೇ ತಕ್ಕ ಪರಿಹಾರ. ಮೂರನೆಯದು ಉಸಿರು. ಉಸಿರನ್ನು ಹೊರಬಿಡುವಾಗ ಎದೆಬಡಿತ ತುಸು ನಿಧಾನವಾಗುವುದರಿಂದ, ಒಳಗೆಳೆದುದಕ್ಕಿಂತ ದೀರ್ಘವಾಗಿ ಹೊರಬಿಡಬೇಕು. ನಾಲ್ಕನೆಯದು ಬರವಣಿಗೆ. ಷಿಕಾಗೋ ವಿಶ್ವವಿದ್ಯಾನಿಲಯದ ಗೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ ಅವರು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಅಂಜಿಕೆಗಳನ್ನು ಬರೆದ ಅಂಜುಬುರುಕ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರು.

ಇವುಗಳಿಂದ ಸಾಲ ತೀರುವುದಿಲ್ಲ, ಬಡತನ ನೀಗುವುದಿಲ್ಲ. ಅವುಗಳನ್ನು ಎದುರಿಸುವ ಚೈತನ್ಯವಾದರೂ ಉಳಿಯುತ್ತದೆ. ಇಷ್ಟಾದರೂ ಭಾರ ಇಳಿಯದಿದ್ದಲ್ಲಿ ಗೆಳೆಯರೊಡನೆಯೋ ಅಧ್ಯಾಪಕರೊಡನೆಯೋ ಬಾಯಿಬಿಟ್ಟು ಹೇಳಬೇಕು. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗಲು ನಾವು ನಾಚುವುದಿಲ್ಲ. ಮನಸ್ಸು ಬಳಲಿದಾಗಲೂ ನಾಚಬೇಕಾಗಿಲ್ಲ.