ಹಳಿ ಕೀಳುವ ಮುನ್ನ ಒಂದು ಕಾಗದ

ಪ್ರಶ್ನೆ: ಅಮೆರಿಕದ ಅಯೋವಾದಲ್ಲಿ ಮೆಕ್ಕೆಜೋಳದ ಗೋದಾಮೊಂದರ ಲೆಕ್ಕ ಬರೆಯುತ್ತೇನೆ. ನಮ್ಮೂರಿಗಿರುವ ಒಂದೇ ರೈಲು ಮಾರ್ಗವನ್ನು ಕಂಪನಿ ಕೈಬಿಡುತ್ತದಂತೆ. ‘ರಾಜ್ಯಕ್ಕೆ ತಿಳಿಸಿಯೇ ಮಾಡುತ್ತೇವೆ’ ಅನ್ನುತ್ತಾರೆ. ರಾಜ್ಯ ಒಪ್ಪದಿದ್ದರೆ ನಿಲ್ಲುತ್ತದೆಯೇ?

ಉತ್ತರ: ರಾಜ್ಯ ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ನಿಲ್ಲುವುದಿಲ್ಲ. ತೀರ್ಮಾನ ವಾಷಿಂಗ್ಟನ್‌ನ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡಿನದು; 1996ರಲ್ಲಿ ಹಳೆಯ ಅಂತರರಾಜ್ಯ ವಾಣಿಜ್ಯ ಆಯೋಗದ ಜಾಗಕ್ಕೆ ಬಂದದ್ದು. ರಾಜ್ಯಕ್ಕೆ ಬರುವ ಕಾಗದ ಒಪ್ಪಿಗೆ ಕೇಳುವುದಲ್ಲ, ಆಕ್ಷೇಪಕ್ಕೋ ಮಾರ್ಗ ಕೊಳ್ಳುವವರ ಹುಡುಕಾಟಕ್ಕೋ ಕೊಡುವ ಬಿಡುವು.

ಆ ಬಿಡುವು ಎಷ್ಟೆಂಬುದು ಕಂಪನಿ ಹಿಡಿದ ದಾರಿಯ ಮೇಲಿದೆ. ಪೂರ್ಣ ಅರ್ಜಿಯಾದರೆ, ಮೂರು ವರ್ಷದೊಳಗೆ ಬಿಡಲಿರುವ ಮಾರ್ಗವೆಂದು ಕಂಪನಿಯ ನಕ್ಷೆಯಲ್ಲಿ ಕನಿಷ್ಠ 60 ದಿನ ಮೊದಲೇ ತೋರಿಸಿರಬೇಕು. ಅರ್ಜಿಗೆ 15ರಿಂದ 30 ದಿನ ಮುಂಚೆ ಗವರ್ನರ್‌ಗೆ (ಅಲ್ಲಿ ಇವರು ನಮ್ಮ ಮುಖ್ಯಮಂತ್ರಿಗಳಂತೆ ಚುನಾಯಿತರು), ರಾಜ್ಯದ ಸಾರ್ವಜನಿಕ ಸೇವಾ ಆಯೋಗಕ್ಕೆ, ಹೆಚ್ಚು ಸರಕು ಕಳಿಸುವವರಿಗೆ ನೋಟಿಸು ಹೋಗಬೇಕು. ಸ್ಥಳೀಯ ಪತ್ರಿಕೆಯಲ್ಲಿ ಮೂರು ವಾರ ಅಚ್ಚಾಗಬೇಕು. ಅರ್ಜಿ ಬಿದ್ದ 45 ದಿನದೊಳಗೆ ತಕರಾರು ಸಲ್ಲಿಸಬಹುದು.

ಎರಡನೆಯದು ಅಡ್ಡದಾರಿಯಷ್ಟೇ ಚುರುಕು. ಎರಡು ವರ್ಷ ಆ ಮಾರ್ಗದಲ್ಲಿ ಸ್ಥಳೀಯ ಸರಕು ಸಾಗದೆ, ಅದರ ಮೇಲೆ ಹಾದುಹೋಗುವ ಸರಕಿಗೆ ಬೇರೆ ದಾರಿಯಿದ್ದು, ಸೇವೆ ಕುರಿತ ದೂರೂ ಇಲ್ಲದಿದ್ದರೆ ರಾಜ್ಯದ ಸೇವಾ ಆಯೋಗಕ್ಕೆ ಹತ್ತು ದಿನ ಮೊದಲು ಪತ್ರ ಬರೆದು, ಬೋರ್ಡಿಗೆ ಸೂಚನೆ ಸಲ್ಲಿಸಿ ವಿನಾಯಿತಿ ಪಡೆಯಬಹುದು. ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾದ 30 ದಿನಕ್ಕೆ ಅದು ಸಾಮಾನ್ಯವಾಗಿ ಜಾರಿ. ನೀವು ಕಳೆದ ವರ್ಷವೂ ವ್ಯಾಗನ್ ತುಂಬಿಸಿದ್ದರೆ ಈ ದಾರಿ ಅವರಿಗೆ ಮುಚ್ಚಿದಂತೆ. ಆದರೂ ಪ್ರತ್ಯೇಕ ಮನವಿ ಸಲ್ಲಿಸಿ ವಿನಾಯಿತಿ ಕೇಳಲು ಅಡ್ಡಿಯಿಲ್ಲ, ಆದ್ದರಿಂದ ನಿರಾಳರಾಗಬೇಡಿ. ಎರಡು ವರ್ಷದ ವ್ಯಾಗನ್ ಲೆಕ್ಕ ಈಗಲೇ ತೆಗೆದಿಡಿ. ನಿಮ್ಮ ಆಕ್ಷೇಪಕ್ಕೆ ಅದಕ್ಕಿಂತ ಗಟ್ಟಿ ಆಧಾರವಿಲ್ಲ. ಮಾರ್ಗ ಕೊಳ್ಳುವ ಅಥವಾ ನಷ್ಟ ತುಂಬಿಕೊಡುವ ಪ್ರಸ್ತಾವಕ್ಕೂ ಕಾನೂನಿನಲ್ಲಿ ಜಾಗವಿದೆ.

ಪ್ರಶ್ನೆ: ಬಿಟ್ಟ ಹಳಿಯ ಜಾಗ ನಡಿಗೆ ಹಾದಿಯಾಗಬಹುದೇ?

ಉತ್ತರ: ಆಗಬಹುದು. ರಾಷ್ಟ್ರೀಯ ಹಾದಿಗಳ ಕಾನೂನಿಗೆ 1983ರಲ್ಲಾದ ತಿದ್ದುಪಡಿಯ ಪ್ರಕಾರ ರಾಜ್ಯ, ಸ್ಥಳೀಯ ಸಂಸ್ಥೆ ಅಥವಾ ಖಾಸಗಿ ಸಂಘಟನೆ ಆ ಜಾಗದ ನಿರ್ವಹಣೆ, ತೆರಿಗೆ, ಹೊಣೆ ಹೊತ್ತುಕೊಂಡರೆ ಹಳಿ ಕಿತ್ತ ಮೇಲೂ ಜಾಗ ಮುಂದಿನ ರೈಲಿಗಾಗಿ ಉಳಿದಿರುತ್ತದೆ. ರೈಲು ಮತ್ತೆ ಬೇಕೆಂದಾಗ ಹಾದಿ ಬಿಟ್ಟುಕೊಡಬೇಕು. ಕಂಪನಿ ಇದಕ್ಕೆ ಒಪ್ಪಲೇಬೇಕು. ಅದು ಒಲ್ಲೆನೆಂದರೆ ಬೋರ್ಡು ಬಲವಂತ ಮಾಡುವುದಿಲ್ಲ.