ಪ್ರೋಗ್ರಾಮಿಗೊಂದು ಒರೆಗಲ್ಲು

ತ್ರಾಸಿನಲ್ಲಿ ವಸ್ತುವನ್ನಿಡುವ ಮೊದಲು ಅದರ ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ಎಂದು ನೋಡುವುದು ಪ್ರಯೋಗಶಾಲೆಯ ಮೊದಲ ಪಾಠ. ಭಾರ ಗೊತ್ತಿರುವ ತೂಕದ ಬಟ್ಟನ್ನಿಟ್ಟಾಗ ತ್ರಾಸು ಅಷ್ಟೇ ಭಾರವನ್ನು ತೋರಿಸಿದರೆ ಮಾತ್ರ ನಾವು ಅದನ್ನು ನಂಬುತ್ತೇವೆ. ಕಂಪ್ಯೂಟರಿಗೆ ಬರೆದುಕೊಡುವ ಪ್ರೋಗ್ರಾಮನ್ನೂ ಹೀಗೆಯೇ ಪರೀಕ್ಷಿಸಬಹುದು. ಪ್ರೋಗ್ರಾಮಿನ ಒಂದೊಂದು ಚಿಕ್ಕ ಭಾಗವನ್ನೂ ಪ್ರತ್ಯೇಕವಾಗಿ ತೆಗೆದುಕೊಂಡು, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಅದಕ್ಕೆ ಹಾಕಿ ಒರೆಗೆ ಹಚ್ಚುವುದಕ್ಕೆ ‘ಘಟಕ ಪರೀಕ್ಷೆ’ ಎಂದು ಹೆಸರು.

ಈ ಕಾರ್ಯಕ್ಕೆ ನೆರವಾಗುವ ಸಿದ್ಧ ಸಲಕರಣೆಗಳುಂಟು. ೧೯೯೭ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬವರು ಜಾವಾ ಭಾಷೆಗಾಗಿ ರಚಿಸಿದ ‘ಜೆಯೂನಿಟ್’ ಇವುಗಳಲ್ಲಿ ಪ್ರಸಿದ್ಧವಾದುದು. ನಾವು ಇಲ್ಲಿ ನೋಡಲಿರುವುದು ಅದಕ್ಕಿಂತಲೂ ಹಗುರವಾದ ಸಲಕರಣೆ. ಗಿಡೋ ವಾನ್ ರೋಸಮ್ ಅವರು ೧೯೯೧ರಲ್ಲಿ ಹೊರತಂದ ಪೈಥಾನ್, ಬರೆದ ಸಾಲನ್ನು ಕೂಡಲೇ ನಡೆಸಿ ಉತ್ತರ ಕೊಡುವ ಸ್ಕ್ರಿಪ್ಟಿಂಗ್ ಭಾಷೆ. ಅದಕ್ಕಾಗಿ ಟಿಮ್ ಪೀಟರ್ಸ್ ಅವರು ರಚಿಸಿದ ‘ಡಾಕ್‌ಟೆಸ್ಟ್’ ೨೦೦೧ರ ೨.೧ನೆಯ ಆವೃತ್ತಿಯಿಂದ ಭಾಷೆಯೊಡನೆಯೇ ದೊರೆಯುತ್ತಿದೆ, ಬೇರೆಯಾಗಿ ತರಬೇಕಾಗಿಲ್ಲ.

ಪರೀಕ್ಷೆಯ ರೀತಿ

ಪತ್ರಿಕೆಯ ಪದಬಂಧವನ್ನು ವಾಚಕರೆಲ್ಲರೂ ಬಲ್ಲರು. ಒಂದು ಚೌಕಕ್ಕೆ ಒಂದು ಅಕ್ಷರ. ಒಂದು ಪದಕ್ಕೆ ಎಷ್ಟು ಚೌಕ ಬೇಕೆಂದು ಹೇಳುವ ‘ಎಣಿಸು’ ಎಂಬ ಚಿಕ್ಕ ಪ್ರೋಗ್ರಾಮನ್ನು ನಾವು ಬರೆಯಬೇಕಾಗಿದೆಯೆಂದು ಭಾವಿಸೋಣ. ಪ್ರಶ್ನೆಗಳಾಗಿ ಬೆಳಗಾವಿ ಜಿಲ್ಲೆಯ ಐದು ತಾಲೂಕುಗಳ ಹೆಸರುಗಳನ್ನು ಆರಿಸಿಕೊಳ್ಳೋಣ. ಪ್ರೋಗ್ರಾಮಿನ ತಲೆಯಲ್ಲಿ, ಅದರ ವಿವರಣೆಯೊಳಗೇ, ಹೀಗೆ ಬರೆಯುತ್ತೇವೆ:

>>> ಎಣಿಸು("ಅಥಣಿ")

ಇದರ ಕೆಳಗಿನ ಸಾಲಿನಲ್ಲಿ ಬರಬೇಕಾದ ಉತ್ತರವನ್ನು, ಅಂದರೆ ಮೂರನ್ನು, ಇಂಗ್ಲಿಷ್ ಅಂಕಿಯಲ್ಲಿ ಬರೆಯುತ್ತೇವೆ. ಡಾಕ್‌ಟೆಸ್ಟ್ ಮೇಲಿನ ಸಾಲನ್ನು ನಡೆಸಿ, ಬಂದ ಉತ್ತರವನ್ನು ನಾವು ಬರೆದುದರೊಡನೆ ಅಕ್ಷರಶಃ ಹೋಲಿಸುತ್ತದೆ. ಪೈಥಾನ್ ಇಂಗ್ಲಿಷ್ ಅಂಕಿಯನ್ನೇ ಮುದ್ರಿಸುವುದರಿಂದ ಅಲ್ಲಿ ಕನ್ನಡದ ೩ನ್ನು ಬರೆದರೆ ಅದೂ ತಪ್ಪೆನಿಸುತ್ತದೆ. ಎಲ್ಲವೂ ಹೊಂದಿದರೆ ಅದು ಏನನ್ನೂ ಹೇಳುವುದಿಲ್ಲ. ಹೊಂದದಿದ್ದರೆ ಯಾವ ಸಾಲು ತಪ್ಪಿತು, ಬರಬೇಕಾದುದೇನು, ಬಂದುದೇನು ಎಂಬ ಮೂರನ್ನೂ ತಿಳಿಸುತ್ತದೆ.

ಮೂರು ನಿಯಮಗಳು

ಕಂಪ್ಯೂಟರು ಕನ್ನಡವನ್ನು ಯೂನಿಕೋಡ್ ಸಂಕೇತಗಳಲ್ಲಿ ಇಟ್ಟುಕೊಳ್ಳುತ್ತದೆ. ವ್ಯಂಜನಕ್ಕೆ ಒಂದು ಸಂಕೇತ, ಅದರ ಗುಣಿತ ಚಿಹ್ನೆಗೆ ಇನ್ನೊಂದು, ಒತ್ತು ಕೊಡುವಾಗ ನಡುವೆ ಬರುವ ಹಲಂತ ಚಿಹ್ನೆಗೆ ಮತ್ತೊಂದು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿರುವ ‘ಕ್ಕೋ’ ಅದಕ್ಕೆ ೪ ಸಂಕೇತಗಳ ಸಾಲು. ಆದುದರಿಂದ ಲೆಕ್ಕ ಹೀಗಾಗುತ್ತದೆ:

ಅಥಣಿ: ಸಂಕೇತ ೪, ಅಕ್ಷರ ೩
ರಾಯಬಾಗ: ಸಂಕೇತ ೬, ಅಕ್ಷರ ೪
ಕಾಗವಾಡ: ಸಂಕೇತ ೬, ಅಕ್ಷರ ೪
ಚಿಕ್ಕೋಡಿ: ಸಂಕೇತ ೮, ಅಕ್ಷರ ೩
ನಿಪ್ಪಾಣಿ: ಸಂಕೇತ ೮, ಅಕ್ಷರ ೩

ಸಂಕೇತಗಳನ್ನೇ ಎಣಿಸುವುದು ಮೊದಲನೆಯ ನಿಯಮವಾದರೆ ಐದು ಪ್ರಶ್ನೆಗಳಲ್ಲಿಯೂ ಸೋಲು. ಎರಡನೆಯ ನಿಯಮ: ಚಿಹ್ನೆಗಳನ್ನು ಬಿಟ್ಟು ಸ್ವರ, ವ್ಯಂಜನಗಳನ್ನು ಮಾತ್ರ ಎಣಿಸು. ಈಗ ಅಥಣಿ, ರಾಯಬಾಗ, ಕಾಗವಾಡಗಳ ಉತ್ತರ ಸರಿಯಾಗುತ್ತದೆ. ಆದರೆ ಚಿಕ್ಕೋಡಿಗೂ ನಿಪ್ಪಾಣಿಗೂ ೩ರ ಬದಲು ೪ ಬರುತ್ತದೆ. ಒತ್ತಕ್ಷರವನ್ನು ಪ್ರೋಗ್ರಾಮು ಬೇರೆ ಅಕ್ಷರವೆಂದು ಎಣಿಸಿದೆ. ಮೂರನೆಯ ನಿಯಮ: ಹಲಂತ ಚಿಹ್ನೆಯ ಬೆನ್ನಿಗೇ ಬಂದ ವ್ಯಂಜನವನ್ನು ಎಣಿಸಬೇಡ. ಈಗ ಐದೂ ಸರಿ, ಡಾಕ್‌ಟೆಸ್ಟ್ ಮೌನ.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯವನ್ನು ಗಮನಿಸಬೇಕು. ಒತ್ತಕ್ಷರವಿಲ್ಲದ ಮೂರು ಹೆಸರುಗಳನ್ನಷ್ಟೇ ಪರೀಕ್ಷೆಗೆ ಇಟ್ಟಿದ್ದರೆ ಎರಡನೆಯ ನಿಯಮವೇ ಸರಿಯೆಂದು ನಂಬಿ ಕುಳಿತಿರುತ್ತಿದ್ದೆವು. ಪರೀಕ್ಷೆಯ ಮೌನವು ತಪ್ಪಿಲ್ಲವೆಂಬುದಕ್ಕೆ ಪ್ರಮಾಣವಲ್ಲ; ಕೇಳಿದ ಪ್ರಶ್ನೆಗಳಲ್ಲಿ ತಪ್ಪು ಕಾಣಲಿಲ್ಲವೆಂಬುದಕ್ಕೆ ಮಾತ್ರ ಪ್ರಮಾಣ. ಆದುದರಿಂದ ಸುಲಭವಾದ ಪ್ರಶ್ನೆಗಳಿಗಿಂತ ನಿಯಮವನ್ನು ಮುರಿಯಬಲ್ಲ ಪ್ರಶ್ನೆಗಳನ್ನೇ ಹುಡುಕಬೇಕು. ಒಮ್ಮೆ ತಪ್ಪನ್ನು ತೋರಿಸಿಕೊಟ್ಟ ಪ್ರಶ್ನೆಯನ್ನು ಅಳಿಸಲೂ ಬಾರದು. ನಾಳೆ ನಿಯಮವನ್ನು ತಿದ್ದಿದಾಗ ಹಳೆಯ ತಪ್ಪು ಮರಳಿದರೆ ಅದೇ ನಮ್ಮನ್ನು ಎಚ್ಚರಿಸುತ್ತದೆ.

ಕಣ್ಣಿಗೆ ಕಾಣದ ಭೇದ

ಪದಬಂಧದ ಚೌಕ ತಪ್ಪಿದರೆ ನಷ್ಟವೇನೂ ಇಲ್ಲ. ಆದರೆ ಇದೇ ಸಂಕೇತಗಳಿಂದ ಗಂಭೀರವಾದ ತೊಡಕೂ ಉಂಟಾಗಬಹುದು. ಚಿಕ್ಕೋಡಿಯ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು. ಎಕಾರ, ಊಕಾರ, ದೀರ್ಘ ಎಂಬ ೩ ಚಿಹ್ನೆಗಳ ಜೋಡಣೆಯಾಗಿಯೂ ಇಡಬಹುದು. ಆಗ ಅದೇ ಹೆಸರಿಗೆ ೮ರ ಬದಲು ೧೦ ಸಂಕೇತಗಳು. ಪರದೆಯ ಮೇಲೆ ಎರಡೂ ಒಂದೇ ರೂಪ; ಯಂತ್ರಕ್ಕೆ ಎರಡೂ ಬೇರೆ ಬೇರೆ. ಕಾಲೇಜಿನ ಪಟ್ಟಿಯಲ್ಲಿ ಒಂದು ವಿಧ, ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಇನ್ನೊಂದು ವಿಧ ಇದ್ದರೆ, ಎರಡನ್ನೂ ಹೋಲಿಸುವ ಪ್ರೋಗ್ರಾಮು ‘ಊರು ಹೊಂದುವುದಿಲ್ಲ’ ಎಂದು ಅರ್ಜಿಯನ್ನು ತಳ್ಳಿಹಾಕೀತು. ಕಾಗದದ ಮೇಲೆ ಎಷ್ಟು ಸಲ ನೋಡಿದರೂ ಅರ್ಜಿದಾರನಿಗೆ ಕಾರಣ ಹೊಳೆಯದು.

ಇದಕ್ಕೆ ಪರಿಹಾರವಿದೆ. ಹೋಲಿಸುವ ಮೊದಲು ಎರಡನ್ನೂ ಯೂನಿಕೋಡ್ ನಿಗದಿಮಾಡಿದ ಒಂದೇ ರೂಪಕ್ಕೆ ತರಬೇಕು. ಪೈಥಾನಿನಲ್ಲಿ ಅದಕ್ಕೂ ಸಿದ್ಧ ಸಾಧನವಿದೆ. ಆದರೆ ಆ ಕೆಲಸ ನಡೆದಿದೆಯೇ ಎಂದು ನೋಡಲು, ಎರಡು ವಿಧದ ಚಿಕ್ಕೋಡಿಗಳನ್ನೂ ಕೊಟ್ಟು ‘ಸಮ’ ಎಂಬ ಉತ್ತರವನ್ನು ನಿರೀಕ್ಷಿಸುವ ಒಂದು ಪರೀಕ್ಷೆ ಇರಲೇಬೇಕು.

ಪರೀಕ್ಷೆಗೆ ಮಿತಿಯೂ ಉಂಟು. ‘ನಿಪ್ಪಾಣಿ’ ಎಂದೂ ‘ನಿಪಾಣಿ’ ಎಂದೂ ಬರೆಯುವ ರೂಢಿಯಿದೆ. ಎರಡರಲ್ಲಿಯೂ ಅಕ್ಷರಗಳು ಮೂರೇ ಆದುದರಿಂದ ನಮ್ಮ ಎಣಿಕೆಯ ಪರೀಕ್ಷೆ ಎರಡನ್ನೂ ಒಪ್ಪುತ್ತದೆ. ಇವೆರಡನ್ನೂ ಒಂದೇ ಊರೆಂದು ಪರಿಗಣಿಸಬೇಕೇ ಎಂಬುದನ್ನು ಮನುಷ್ಯನೇ ನಿಶ್ಚಯಿಸಿ ಬರೆದಿಡಬೇಕು. ನಿರೀಕ್ಷಿತ ಉತ್ತರವೆಂಬುದು ಯಂತ್ರದಿಂದ ಹುಟ್ಟುವುದಲ್ಲ. ಅದು ನಮ್ಮ ತಿಳಿವಳಿಕೆ. ಯಂತ್ರದ ಉತ್ತರವನ್ನು ನೋಡಿಕೊಂಡು ಅದನ್ನೇ ನಿರೀಕ್ಷಿತವೆಂದು ಬರೆದರೆ, ತ್ರಾಸು ತೋರಿಸಿದ ಅಂಕಿಯನ್ನೇ ಬಟ್ಟಿನ ಮೇಲೆ ಕೆತ್ತಿದಂತಾಗುತ್ತದೆ.

ಅಭ್ಯಾಸ

೧. ಯಕ್ಸಂಬಾ, ಕರ್ನಾಟಕ, ಮಹಾರಾಷ್ಟ್ರ – ಈ ಪದಗಳ ಅಕ್ಷರಸಂಖ್ಯೆಯನ್ನು ಮೊದಲು ಕಾಗದದ ಮೇಲೆ ಬರೆದಿಡಿರಿ. ಅನಂತರ ಮೂರನೆಯ ನಿಯಮವನ್ನು ಅನ್ವಯಿಸಿ ತಾಳೆ ನೋಡಿರಿ.

೨. ‘ಬಸ್’ ಎಂಬುದಕ್ಕೆ ಪದಬಂಧದಲ್ಲಿ ಎಷ್ಟು ಚೌಕ? ಛಂದಸ್ಸಿನ ಲೆಕ್ಕದಲ್ಲಿ ಎಷ್ಟು ಅಕ್ಷರ? ಎರಡೂ ಬೇರೆಯಾದರೆ ಒಂದೇ ಪ್ರೋಗ್ರಾಮು ಸಾಕೇ? ಆಲೋಚಿಸಿರಿ.