ಗುಡ್ಡದ ಸೈಕಲ್ ಕೊಳ್ಳುವ ಮುನ್ನ

ಕೈಯಲ್ಲಿರುವುದು 20 ಸಾವಿರ, ಕಣ್ಣಿರುವುದು 80 ಸಾವಿರದ ಸೈಕಲ್ ಮೇಲೆ. ಗುಡ್ಡಗಾಡಿನಲ್ಲಿ ಸೈಕಲ್ ಓಡಿಸುವ ಆಸೆ ಹತ್ತಿದ ಮಕ್ಕಳು ಸಲಹೆ ಕೇಳಲು ಬಂದಾಗೆಲ್ಲ ಇದೇ ಲೆಕ್ಕ ಮುಂದಿಡುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. 20 ಸಾವಿರಕ್ಕೆ ಒಳ್ಳೆಯ ಎಂಟಿಬಿ, ಅಂದರೆ ಮೌಂಟನ್ ಬೈಕ್, ಸಿಗುತ್ತದೆ. ಆದರೆ ಅಂಗಡಿಯ ಗಾಜಿನ ಹಿಂದೆ ಮಿಂಚುತ್ತಾ ನಿಂತಿದೆಯಲ್ಲ, ಅದಲ್ಲ.

ಆ ಮಿಂಚುವ ಸೈಕಲ್ ಹೇಗಿರುತ್ತದೆಂದು ನಿಮಗೇ ಗೊತ್ತು. ಮುಂದೊಂದು ಸ್ಪ್ರಿಂಗು, ನಡುವೆ ಇನ್ನೊಂದು, ಎರಡು ಡಿಸ್ಕ್ ಬ್ರೇಕು, 21 ಗೇರು, ಮೈತುಂಬ ಸ್ಟಿಕ್ಕರು, ಇಷ್ಟೆಲ್ಲ ಇದ್ದೂ ಕೈಗೆಟಕುವ ಬೆಲೆ. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಕುಗ್ಗಿದ ಸ್ಪ್ರಿಂಗು ಮತ್ತೆ ಹಿಗ್ಗುವಾಗ ಅದರ ವೇಗವನ್ನು ಹಿಡಿದಿಡಲು ಒಳಗೆ ಎಣ್ಣೆಯ ಡ್ಯಾಂಪರ್ ಇರಬೇಕು. ಅಗ್ಗದ ಶಾಕ್‌ಗಳಲ್ಲಿ ಅದು ಇರುವುದಿಲ್ಲ. ಕಲ್ಲಿಗೆ ಬಡಿದ ಚಕ್ರ ಚಿಮ್ಮಿ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಏರಿನಲ್ಲಾದರೆ ನೀವು ತುಳಿದ ಬಲದಲ್ಲಿ ಒಂದು ಪಾಲನ್ನು ನಡುವಿನ ಸ್ಪ್ರಿಂಗೇ ನುಂಗಿಬಿಡುತ್ತದೆ. ಮುಂದಿನ ಸ್ಪ್ರಿಂಗಿರುವ ಅಂಥ ಫೋರ್ಕ್ ಒಂದೇ ಎರಡೂವರೆ ಕಿಲೋ ತೂಗುತ್ತದೆ. ಕಡಿಮೆ ದುಡ್ಡಿಗೆ ಶಾಕ್ ಇಲ್ಲದ ಗಟ್ಟಿ ಫೋರ್ಕಿನ ಸೈಕಲ್ಲೇ ಮೇಲು. ಮುಂದೆ ಮಾತ್ರ ಶಾಕ್ ಇರುವುದು ಬೇಕೇಬೇಕೆಂದರೆ ಇರಲಿ, ನಡುವಿನದು ಮಾತ್ರ ಬೇಡವೇ ಬೇಡ.

ಶಾಕ್ ಇಲ್ಲದೆ ಗುಡ್ಡ ಇಳಿಯಲಾದೀತೇ ಎಂದು ಕೇಳುತ್ತೀರಿ. ಈ ಆಟ ಹುಟ್ಟಿದ್ದೇ ಹಾಗೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ತರುಣರು 1930-40ರ ದಶಕದ ಹಳೆಯ ಶ್ವಿನ್ ಸೈಕಲ್‌ಗಳನ್ನು ಅಗ್ಗಕ್ಕೆ ಹುಡುಕಿ ತಂದು, ದಪ್ಪ ಟೈರು ಹಾಕಿ ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರಲ್ಲಿ ಅಲ್ಲಿ ಪಂದ್ಯಗಳು ಶುರುವಾದವು. ಒಂದು ಸಲ ಇಳಿದರೆ ಹಿಂದಿನ ಚಕ್ರದ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಹೊಸ ಗ್ರೀಸ್ ತುಂಬಬೇಕಿತ್ತು. ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರು ಬಂದದ್ದು ಅದರಿಂದಲೇ. ಗ್ಯಾರಿ ಫಿಶರ್, ಜೋ ಬ್ರೀಝ್ ಅಂಥವರು ಈ ಗುಂಪಿನವರು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಈ ಆಟ ಒಲಿಂಪಿಕ್ಸ್ ಸೇರಿತು.

ಹಾಗಾದರೆ ದುಡ್ಡನ್ನು ಎಲ್ಲಿ ಹಾಕಬೇಕು? ಫ್ರೇಮಿಗೆ ಮತ್ತು ಚಕ್ರಕ್ಕೆ. ಬ್ರೇಕು, ಗೇರು, ಸೀಟು, ಹ್ಯಾಂಡಲ್ ಎಲ್ಲವನ್ನೂ ಮುಂದೆ ಒಂದೊಂದಾಗಿ ಬದಲಿಸಬಹುದು. ಫ್ರೇಮ್ ಬದಲಿಸುವುದೆಂದರೆ ಸೈಕಲ್ಲನ್ನೇ ಬದಲಿಸಿದಂತೆ. ಅಳತೆ ಮೊದಲು ನೋಡಿ. ಸೈಕಲ್ಲಿನ ಎರಡೂ ಬದಿಗೆ ಪಾದ ನೆಲಕ್ಕೆ ಪೂರ್ತಿ ತಾಗಿಸಿ ನಿಂತಾಗ ಮೇಲಿನ ಪೈಪಿಗೂ ನಿಮಗೂ ನಡುವೆ ಎರಡು ಇಂಚಾದರೂ ಜಾಗ ಇರಲಿ. ಬೆಳೆಯುವ ಮಗುವಿಗೆಂದು ದೊಡ್ಡ ಅಳತೆ ಕೊಡಿಸುವ ಅಪ್ಪ ಅಮ್ಮಂದಿರೇ, ಬಟ್ಟೆಯಲ್ಲಿ ಅದು ನಡೆಯುತ್ತದೆ, ಗುಡ್ಡದಲ್ಲಿ ನಡೆಯುವುದಿಲ್ಲ. ಆಮೇಲೆ ಫೋರ್ಕ್ ಕೂರುವ ಮುಂದಿನ ಪೈಪು, ಅಂದರೆ ಹೆಡ್‌ಟ್ಯೂಬ್ ನೋಡಿ. ಕೆಳಗೆ ಅಗಲವಾಗುವ ಟೇಪರ್ಡ್ ಹೆಡ್‌ಟ್ಯೂಬ್ ಇದ್ದರೆ ಮುಂದೊಂದು ದಿನ ಒಳ್ಳೆಯ ಫೋರ್ಕ್ ಕೂರುತ್ತದೆ. ಈಗ ಬರುವ ಒಳ್ಳೆಯ ಫೋರ್ಕ್‌ಗಳಲ್ಲಿ ಹೆಚ್ಚಿನವು ಟೇಪರ್ಡ್; ಸಪೂರ ಹೆಡ್‌ಟ್ಯೂಬಿನಲ್ಲಿ ಅವಕ್ಕೆ ಜಾಗವಿಲ್ಲ.

ಇನ್ನು ಹಿಂದಿನ ಹಬ್ಬು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಅಗ್ಗದ ಗೇರ್ ಸೈಕಲ್‌ಗಳಲ್ಲಿ ಹಲ್ಲಿನ ಚಕ್ರಗಳ ಗುಂಪು ಹಬ್ಬಿಗೆ ತಿರುಪಿನಂತೆ ಕೂರುತ್ತದೆ. ಅದು ಫ್ರೀವೀಲ್. ಅದರಲ್ಲಿ ಬಲಗಡೆಯ ಬೇರಿಂಗು ತುಂಬ ಒಳಗೆ ಉಳಿಯುವುದರಿಂದ ಆಕ್ಸೆಲ್ಲಿನ ಉದ್ದನೆಯ ತುಂಡೊಂದು ಆಸರೆಯಿಲ್ಲದೆ ನಿಮ್ಮ ಭಾರ ಹೊರುತ್ತದೆ. ಗುಂಡಿಗೆ ಇಳಿದು ಇಳಿದು ಅದು ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಕ್ಯಾಸೆಟ್ ಬಗೆಯ ಹಬ್ಬಿನಲ್ಲಿ ಬೇರಿಂಗು ಹೊರಗಡೆಗೇ ಇರುವುದರಿಂದ ಈ ಕಾಟ ಕಡಿಮೆ. ಗುರುತಿಸುವುದು ಸುಲಭ. ಹಲ್ಲಿನ ಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ, ನಡುವೆ ಪಾನಾ ಕೂರುವ ಕಚ್ಚುಗಳನ್ನೇ ನೋಡುತ್ತಿರಿ. ಅವೂ ಜೊತೆಗೆ ತಿರುಗಿದರೆ ಕ್ಯಾಸೆಟ್, ನಿಂತಲ್ಲೇ ನಿಂತರೆ ಫ್ರೀವೀಲ್. ಹಿಂದೆ 7 ಗೇರು ಇರುವ ಸೈಕಲ್‌ಗಳಲ್ಲಿ ಬಹುಪಾಲು ಫ್ರೀವೀಲೇ. ಗೇರು 21 ಇದೆಯೋ 24 ಇದೆಯೋ ಎಂದು ಎಣಿಸುವ ಬದಲು ಇದನ್ನು ನೋಡಿ.

ಇಷ್ಟೆಲ್ಲ ಇರುವ ಹೊಸ ಸೈಕಲ್ 20 ಸಾವಿರಕ್ಕೆ ಸಿಗುವುದು ಕಷ್ಟ, ನಿಜ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೂ ಕಷ್ಟವೇ. ಹಾಗಾಗಿ ಬಳಸಿದ ಸೈಕಲ್ ಕೊಳ್ಳಿ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ಕೋವಿಡ್ ಕಾಲದಲ್ಲಿ ಉತ್ಸಾಹದಿಂದ ಕೊಂಡ ಗೇರ್ ಸೈಕಲ್‌ಗಳು ಬೆಂಗಳೂರಿನ, ಮೈಸೂರಿನ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ದೂಳು ಹಿಡಿದು ನಿಂತಿವೆ. ಕಾವಲುಗಾರರನ್ನು ವಿಚಾರಿಸಿದರೂ ಸುದ್ದಿ ಸಿಗುತ್ತದೆ. ಬೆಳಗಿನ ಬೆಳಕಿನಲ್ಲೇ ಹೋಗಿ ನೋಡಿ. ಫ್ರೇಮನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೆಡ್‌ಟ್ಯೂಬಿನ ಕೆಳಗೆ, ಬೆಸುಗೆ ಹಾಕಿದ ಕಡೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ ನೋಡಿ. ಇದ್ದರೆ ಎಷ್ಟೇ ಅಗ್ಗವಾಗಲಿ ಬೇಡ. ಬಣ್ಣ ಹೋದದ್ದು, ಸೀಟು ಹರಿದದ್ದು, ಟೈರು ಸವೆದದ್ದು ದೋಷವಲ್ಲ. ಬೆಲೆ ಇಳಿಸಲು ಕಾರಣ. ಚಕ್ರ ತಿರುಗಿಸಿ ಅಲುಗಾಟ ನೋಡಿ. ಚೈನಿಗೆ ಸ್ಟೀಲ್ ಸ್ಕೇಲ್ ಹಿಡಿಯಿರಿ: 12 ಇಂಚಿನ ಗುರುತಿಗೆ ನೇರವಾಗಿ ಬರಬೇಕಾದ ಪಿನ್ನು ಇಂಚಿನ ಎಂಟನೇ ಒಂದು ಭಾಗದಷ್ಟು ಮುಂದೆ ಸರಿದಿದ್ದರೆ ಚೈನಿನ ಜೊತೆಗೆ ಹಲ್ಲುಗಳೂ ಹೋಗಿವೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೊನೆಗೆ ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲಿನ ಅಚ್ಚಿನ ಕೆಳಗಿರುವ ಫ್ರೇಮ್ ನಂಬರ್ ನೋಡಿ. ಅದನ್ನು ಉಜ್ಜಿ ಅಳಿಸಿದ್ದರೆ ಮಾತಿಲ್ಲದೆ ಎದ್ದು ಬನ್ನಿ. ಇನ್ನೊಂದು ಮಗುವಿನಿಂದ ಕದ್ದ ಸೈಕಲ್ ನಿಮಗೆ ಬೇಡ.

ಕೊಂಡ ಮೇಲೆ ಉಳಿದ ದುಡ್ಡು ಟೈರಿಗೆ. ಒಳ್ಳೆಯ ರಬ್ಬರಿನ, 2.2 ಇಂಚಿನ, ಗುಬುಟುಗಳಿರುವ ಟೈರು ಹಾಕಿದಾಗ ಆಗುವಷ್ಟು ಬದಲಾವಣೆ ಬೇರೆ ಯಾವ ಬಿಡಿಭಾಗದಿಂದಲೂ ಆಗುವುದಿಲ್ಲ. ಗಾಳಿಯನ್ನು ಕಲ್ಲಿನಂತಾಗುವವರೆಗೆ ತುಂಬಬೇಡಿ. 60-65 ಕಿಲೋ ತೂಗುವವರಿಗೆ ಟ್ಯೂಬ್ ಹಾಕಿದ ಅಂಥ ಟೈರಿನಲ್ಲಿ 25ರಿಂದ 30 ಪಿಎಸ್‌ಐ ಸಾಕು. ನೀವು ಶಾಕ್‌ನಿಂದ ಬಯಸುತ್ತಿದ್ದ ಮೆತ್ತನೆಯ ಓಟವನ್ನು ಬಹುಮಟ್ಟಿಗೆ ಈ ಗಾಳಿಯೇ ಕೊಡುತ್ತದೆ. ಅದಾದ ಮೇಲೆ ಬ್ರೇಕಿನ ಪ್ಯಾಡು, ಕೇಬಲ್ಲು. ಗೇರಿನ ಸರದಿ ಕೊನೆಗೆ, ಇರುವುದು ಸವೆದ ಮೇಲೆ.

ರಿಪೇರಿ ನೀವೇ ಕಲಿಯಿರಿ. ಅಲೆನ್ ಕೀಗಳ ಒಂದು ಕಟ್ಟು, ಚೈನ್ ಬಿಚ್ಚುವ ಸಾಧನ, ಟೈರ್ ಲಿವರು, ಪಂಕ್ಚರ್ ಪಟ್ಟಿ, ಕೈಪಂಪು ಇಷ್ಟಿದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ, ಬಿಚ್ಚಲು ಬಲಕ್ಕೆ ತಿರುಗಿಸಬೇಕು, ನೆನಪಿರಲಿ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ ಮಳೆಗಾಲಕ್ಕೆ ಓಡಿಸುವವರಂತೂ ಮನೆಗೆ ಬಂದ ಕೂಡಲೇ ಮಣ್ಣು ತೊಳೆದು ಚೈನು ಒರೆಸಿ ಎಣ್ಣೆ ಹಾಕಲೇಬೇಕು. ಒಣಗಿದ ಎರೆಮಣ್ಣು ಚೈನನ್ನು ಅರೆದುಬಿಡುತ್ತದೆ.

ಈ 20 ಸಾವಿರದಲ್ಲೇ ಹೆಲ್ಮೆಟ್ಟಿನ ಪಾಲನ್ನು ಮೊದಲು ತೆಗೆದಿಡಿ. ಒಳಗೆ ಇಎನ್ 1078 ಎಂಬ ಗುರುತು ಇರಲಿ. ತಲೆಗೆ ಹೊಸದನ್ನೇ ಕೊಳ್ಳಿ, ಬಳಸಿದ್ದು ಬೇಡ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ. ಮತ್ತೆ, ಮಕ್ಕಳೇ, ಕಂತಿನ ಸಾಲ ಮಾಡಿ 80 ಸಾವಿರದ ಸೈಕಲ್ ತರಬೇಡಿ, ಮನೆಯವರನ್ನು ಅದಕ್ಕಾಗಿ ಪೀಡಿಸಬೇಡಿ. ಈಗ ಸಿಕ್ಕ ಸೈಕಲ್ಲಿನಲ್ಲಿ ಒಂದು ವರ್ಷ ಗುಡ್ಡ ಹತ್ತಿ ಇಳಿಯಿರಿ. ಆಮೇಲೂ ದೊಡ್ಡದು ಬೇಕೆನಿಸಿದರೆ ಬನ್ನಿ, ಆಗ ಕೂತು ಮಾತಾಡೋಣ.